ಕೇಳುಗರ ಓಟಿನಿಂದ ಮಾಡಿದ 'ದಶಕದ ಹಾಡುಗಳು' ಪಟ್ಟಿಗೆ ಬೆಲೆ ಇದೆಯಾ?

ಪ್ರಶ್ನೆ: ನಮ್ಮ ಬಡಾವಣೆಯ ಗೆಳೆಯರೆಲ್ಲ ಸೇರಿ 2000ದಿಂದ 2009ರವರೆಗಿನ ಕನ್ನಡ ಹಾಡುಗಳಿಗೆ ಓಟು ಹಾಕಿಸಿ ಟಾಪ್ 50 ಪಟ್ಟಿ ಮಾಡಿದೆವು. ಒಬ್ಬರಿಗೆ ಒಂದೇ ಓಟು. 'ಅನಿಸುತಿದೆ' ಮೊದಲು ಬಂತು. ಮೊದಲ ಹತ್ತರಲ್ಲಿ ಮುಕ್ಕಾಲು ಪಾಲು ಸೋನು ನಿಗಮ್ ಹಾಡುಗಳೇ. 'ಜೋಗಿ' ಹಾಡು ಎಲ್ಲೋ ಕೆಳಗೆ. ಈಗ ದೊಡ್ಡ ಜಗಳ ನಡೀತಿದೆ. ಇಂಥ ಪಟ್ಟಿಗೆ ಬೆಲೆ ಇದೆಯಾ?

ಬೆಲೆ ಖಂಡಿತ ಇದೆ. 'ಅನಿಸುತಿದೆ' ಮೊದಲು ಬಂದಿದ್ದರ ಬಗ್ಗೆ ನನಗೆ ತಕರಾರೇ ಇಲ್ಲ. ಆದರೆ ಓಟಿನ ಪಟ್ಟಿ ಆ ಹತ್ತು ವರ್ಷದ ಜೊತೆಗೆ ಓಟು ಹಾಕಿದ ದಿನದ ಕಥೆಯನ್ನೂ ಹೇಳುತ್ತದೆ. ಅದನ್ನು ಲೆಕ್ಕಕ್ಕೆ ತಗೊಳ್ಳದೆ ಹೋದರೆ ನಿಮ್ಮ ಜಗಳ ಮುಗಿಯೋದಿಲ್ಲ. 'ಜೋಗಿ' ಅಭಿಮಾನಿಗಳ ಸಿಟ್ಟಿನಲ್ಲಿ ನ್ಯಾಯ ಇದೆ. ಯಾಕೆ ಅಂತ ಹೇಳ್ತೀನಿ.

ನಾನು ತುಮಕೂರಿನವನು, ರಸಮಂಜರಿ ತಂಡದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಗಣೇಶನ ಹಬ್ಬದಿಂದ ಹಿಡಿದು ನವೆಂಬರ್ ರಾಜ್ಯೋತ್ಸವ ಮುಗಿಯುವವರೆಗೂ ನಮಗೆ ಬಿಡುವಿಲ್ಲ. ಗುಬ್ಬಿ, ತಿಪಟೂರು, ಕುಣಿಗಲ್, ಮಧುಗಿರಿ, ಪಾವಗಡ, ಜಿಲ್ಲೆಯ ಎಲ್ಲಾ ಕಡೆ ಹೋಗುತ್ತೇವೆ. ದೇವರ ಹಾಡು ಮುಗಿದು ಮೂರ್ನಾಲ್ಕು ಸಿನಿಮಾ ಹಾಡು ಆಗುವಷ್ಟರಲ್ಲಿ ಸ್ಟೇಜ್ ಮೇಲೆ ಚೀಟಿ ಬರೋಕೆ ಶುರುವಾಗುತ್ತದೆ. ಗಣೇಶನ ಚಂದಾ ರಸೀದಿಯ ಹಿಂಭಾಗ, ಬಿಸ್ಕತ್ ಪ್ಯಾಕಿನ ಚೂರು, ಮಕ್ಕಳ ನೋಟ್‌ಬುಕ್ಕಿನ ಹಾಳೆ, ಏನು ಸಿಕ್ಕಿದರೆ ಅದರಲ್ಲಿ ಬರೆದು ಸಣ್ಣ ಹುಡುಗರ ಕೈಲಿ ಕಳಿಸುತ್ತಾರೆ. ಮೇಲೆ ಹಾಡು, ಕೆಳಗೆ ಬೀದಿ ಹೆಸರು, ಕೆಲವೊಮ್ಮೆ ಹೊಸದಾಗಿ ಮದುವೆಯಾದ ಜೋಡಿಯ ಹೆಸರು. ನಾನು ಅವನ್ನೆಲ್ಲ ಕೀಬೋರ್ಡ್ ಪಕ್ಕದಲ್ಲಿ ಜೋಡಿಸಿಡುತ್ತೇನೆ, ಒಂದೇ ಹಾಡಿನ ಚೀಟಿಗಳು ಒಂದರ ಮೇಲೊಂದು. ಯಾವ ಹಾಡಿನ ಚೀಟಿ ಜಾಸ್ತಿಯಾಯ್ತೋ ಅದು ಮುಂದಿನ ಹಾಡು. ಇದೂ ಒಂದು ಓಟೇ ಅಲ್ವಾ?

ಇಷ್ಟು ವರ್ಷದಲ್ಲಿ ಈ ಚೀಟಿಗಳಿಂದ ನನಗೆ ಗೊತ್ತಾಗಿರೋದು ಇದು: ಅದೇ ಜನ, ಅದೇ ಮೈದಾನ, ಗಂಟೆ ಬದಲಾದ ಹಾಗೆ ಹಾಡು ಬದಲಾಗುತ್ತದೆ. ಏಳೂವರೆಗೆ ಮನೆಮಂದಿಯೆಲ್ಲ ಕುರ್ಚಿ ಮೇಲೆ ಕೂತಿರುತ್ತಾರೆ, ಆಗ ಬರೋದು 'ಅನಿಸುತಿದೆ', 'ನಿನ್ನಿಂದಲೇ', 'ಮಿಂಚಾಗಿ ನೀನು ಬರಲು'. ಒಂಬತ್ತೂವರೆ ಆಯ್ತು ಅಂದರೆ ವಯಸ್ಸಾದವರು ಎದ್ದು ಹೋಗುತ್ತಾರೆ, ಮಕ್ಕಳು ಅಮ್ಮಂದಿರ ತೊಡೆ ಮೇಲೆ ನಿದ್ದೆ, ಹತ್ತಕ್ಕೆ ಮೈಕ್ ಬಂದ್ ಮಾಡಬೇಕು ಅಂತ ಆಗಲೇ ಪೊಲೀಸರು ಬಂದು ಹೇಳಿರುತ್ತಾರೆ, ಆ ಕೊನೇ ಅರ್ಧ ಗಂಟೆಯಲ್ಲಿ ಹುಡುಗರು ಚೀಟಿ ಬರೆಯೋದೇ ಇಲ್ಲ, ನೇರವಾಗಿ ಸ್ಟೇಜ್ ಮುಂದೆ ಬಂದು 'ಜೋಗಿ' ಚಿತ್ರದ 'ಹೊಡಿ ಮಗ' ಹಾಡು ಬೇಕು ಅಂತ ಕೂಗುತ್ತಾರೆ. ರಿದಂ ಪ್ಯಾಡ್‌ನವನು ಮೊದಲ ಏಟು ಕೊಟ್ಟರೆ ಸಾಕು, ಮೈದಾನದಲ್ಲಿ ಧೂಳು ಏಳುತ್ತದೆ. ಆ ಹಾಡಿಗೆ ಚೀಟಿ ಕಡಿಮೆ, ಕುಣಿಯೋ ಜನ ಜಾಸ್ತಿ. ಬರೀ ಚೀಟಿ ಎಣಿಸಿದರೆ 'ಜೋಗಿ' ಎಲ್ಲಿರುತ್ತದೆ ಹೇಳಿ.

ನಿಮ್ಮ ಪಟ್ಟಿಯಲ್ಲಿ ಆಗಿರೋದೂ ಇದೇ. 'ದಶಕದ ಅತ್ಯುತ್ತಮ ಹಾಡು ಯಾವುದು' ಅಂತ ಕೇಳಿದ ಕೂಡಲೇ ಎಂಥವರೂ ಸ್ವಲ್ಪ ಗಂಭೀರ ಆಗುತ್ತಾರೆ. ಊರಿನವರ ಜೊತೆ ಕುಣಿದ ಹಾಡನ್ನು ಪಕ್ಕಕ್ಕಿಟ್ಟು, ಒಬ್ಬರೇ ಕೂತು ಕೇಳಿದ ಹಾಡಿಗೆ ಓಟು ಹಾಕುತ್ತಾರೆ. ಹಾಗಾಗಿ ಮೆಲೋಡಿಗೆ ಯಾವಾಗಲೂ ಒಂದು ಹೆಜ್ಜೆ ಮುಂದಿನಿಂದಲೇ ಓಟ ಶುರು.

ಇನ್ನೊಂದು ಕಾರಣ ವರ್ಷಗಳದ್ದು. ನಿಮ್ಮ ಮೊದಲ ಹತ್ತನ್ನು ಮತ್ತೆ ನೋಡಿ. 'ಅನಿಸುತಿದೆ' ಇರೋ 'ಮುಂಗಾರು ಮಳೆ' 2006, 'ನಿನ್ನಿಂದಲೇ' ಇರೋ 'ಮಿಲನ' 2007, 'ಮಿಂಚಾಗಿ ನೀನು ಬರಲು' ಇರೋ 'ಗಾಳಿಪಟ' 2008, 'ಎಲ್ಲೋ ಮಳೆಯಾಗಿದೆ' ಇರೋ 'ಮನಸಾರೆ' 2009. ಎಲ್ಲಾ ದಶಕದ ಕೊನೆಯ ಭಾಗ. 2001ರ 'ಹುಚ್ಚ' ಚಿತ್ರದ 'ಉಸಿರೇ ಉಸಿರೇ' ಎಲ್ಲಿದೆ? ರಾಜೇಶ್ ಕೃಷ್ಣನ್ ಹಾಡಿದ ಆ ಹಾಡು ಬಂದಾಗ ನಮ್ಮೂರಲ್ಲಿ ಕ್ಯಾಸೆಟ್ ಅಂಗಡಿ, ಬಸ್ಸು, ಕಾಲೇಜು ಫಂಕ್ಷನ್, ಎಲ್ಲಾ ಕಡೆ ಅದೇ. ಆದರೆ ಅದು ಕ್ಯಾಸೆಟ್ ಕಾಲದ ಹಾಡು. ಟೇಪ್ ಸವೆದು ಹೋಯ್ತು, ಟೇಪ್ ರೆಕಾರ್ಡರ್ ಅಟ್ಟ ಸೇರಿತು. 2007-08ರ ಹೊತ್ತಿಗೆ ಜನ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳೋಕೆ ಶುರು ಮಾಡಿದರು. ಕಾಲರ್ ಟ್ಯೂನ್ ಬಂತು. ಸೋನು ನಿಗಮ್ ಅವರ ಹಾಡುಗಳು ಸರಿಯಾಗಿ ಆ ಹೊತ್ತಿಗೆ ಬಂದವು, ಜನರ ಜೇಬು ಸೇರಿದವು, ಒಂದು ಫೋನಿಂದ ಇನ್ನೊಂದು ಫೋನಿಗೆ ದಾಟುತ್ತಾ ಉಳಿದುಕೊಂಡವು. ಹಾಡು ಚೆನ್ನಾಗಿಲ್ಲ ಅಂತ ಖಂಡಿತ ಅಲ್ಲ, ಅವುಗಳಿಗೆ ಕಾಲವೂ ಕೂಡಿ ಬಂತು ಅಂತ ಹೇಳ್ತಿದ್ದೀನಿ.

ಇದರ ಇನ್ನೊಂದು ಮುಖ ನೋಡಿ. 'ಮುಂಗಾರು ಮಳೆ' ಬಿಡುಗಡೆ ಆಗಿದ್ದು 2006ರ ಡಿಸೆಂಬರ್ 29ಕ್ಕೆ. ಅದೇ ಡಿಸೆಂಬರ್ 31ಕ್ಕೆ '2006ರ ಅತ್ಯುತ್ತಮ ಹಾಡು' ಅಂತ ಓಟು ಹಾಕಿಸಿದ್ದರೆ ಆ ಸಿನಿಮಾ ನೋಡಿದವರೇ ಬೆರಳೆಣಿಕೆ. ದಶಕದ ಓಟಿನಲ್ಲಿ ಮಾತ್ರ ಅಂಥ ಹಾಡಿಗೆ ನ್ಯಾಯ ಸಿಗುತ್ತದೆ. ವರ್ಷದ ಪಟ್ಟಿ ಆ ಹೊತ್ತಿನ ಬಿಸಿಯನ್ನು ಅಳೆಯುತ್ತದೆ, ದಶಕದ ಪಟ್ಟಿ ಬಿಸಿ ಆರಿದ ಮೇಲೆ ಏನು ಉಳಿಯಿತು ಅಂತ ನೋಡುತ್ತದೆ. ಈ ಒಂದು ಕಾರಣಕ್ಕೇ ನನಗೆ ಇಂಥ ಪಟ್ಟಿಗಳು ಇಷ್ಟ.

ಹೊರದೇಶದಲ್ಲೂ ಇದೇ ಆಗಿದೆ. ಆಸ್ಟ್ರೇಲಿಯಾದಲ್ಲಿ ಟ್ರಿಪಲ್ ಜೆ ಅಂತ ಒಂದು ರೇಡಿಯೊ ಇದೆ. ವರ್ಷ ವರ್ಷ ಕೇಳುಗರ ಓಟಿನಿಂದ 'ಹಾಟೆಸ್ಟ್ 100' ಅನ್ನೋ ಕೌಂಟ್‌ಡೌನ್ ಮಾಡುತ್ತಾರೆ. 2020ರ ಮಾರ್ಚ್‌ನಲ್ಲಿ ಹಿಂದಿನ ಇಡೀ ದಶಕಕ್ಕೆ ಓಟು ಹಾಕಿಸಿದರು. ಮೊದಲು ಬಂದದ್ದು ಟೇಮ್ ಇಂಪಾಲಾ ಅವರ 'ದಿ ಲೆಸ್ ಐ ನೋ ದಿ ಬೆಟರ್'. ಅದು 2015ರ ಹಾಡು. ಆದರೆ 2015ರ ಪಟ್ಟಿಯಲ್ಲಿ ಗೆದ್ದಿದ್ದು ದಿ ರೂಬೆನ್ಸ್ ತಂಡದ 'ಹೂಪ್ಸ್'! ಅದೇ ರೇಡಿಯೊ, ಹೆಚ್ಚುಕಡಿಮೆ ಅದೇ ಕೇಳುಗರು, ನಾಲ್ಕು ವರ್ಷ ಕಳೆದ ಮೇಲೆ ತೀರ್ಪು ಬೇರೆ. ಅಲ್ಲಿ ಗುಂಪು ಕಟ್ಟಿ ಓಟು ಹಾಕಿಸೋ ತಲೆನೋವೂ ಇದೆ. 2014ರ ಪಟ್ಟಿಗೆ ಟೇಲರ್ ಸ್ವಿಫ್ಟ್ ಅವರ 'ಶೇಕ್ ಇಟ್ ಆಫ್' ಹಾಡನ್ನು ನುಗ್ಗಿಸೋಕೆ ಹೊರಗಿನಿಂದ ದೊಡ್ಡ ಪ್ರಚಾರ ನಡೆಯಿತು. ಕೊನೆಗೆ ಆ ಹಾಡನ್ನೇ ಪಟ್ಟಿಯಿಂದ ಕೈಬಿಟ್ಟರು. ನಮ್ಮಲ್ಲಿ ಅಭಿಮಾನಿ ಸಂಘಗಳು ಮನಸ್ಸು ಮಾಡಿದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನಗೆ ತುಂಬಾ ಮುಖ್ಯ ಅನಿಸೋ ವಿಷಯ. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಹೋದರು. ಅದಾದ ಮೇಲೆ ನಮಗೆ ಬರೋ ಚೀಟಿಗಳೇ ಬದಲಾದವು. 2017ರ 'ರಾಜಕುಮಾರ' ಚಿತ್ರದ 'ಬೊಂಬೆ ಹೇಳುತೈತೆ' ಇಲ್ಲದೆ ಕಾರ್ಯಕ್ರಮ ಮುಗಿಸೋಕೆ ಜನ ಬಿಡೋದಿಲ್ಲ. ನಿಮ್ಮ ದಶಕದ ಹಾಡುಗಳಲ್ಲೂ ಹಾಗೇ ಆಯ್ತು. 'ಮಿಲನ' ಹಾಡಿನ ಚೀಟಿಯ ಕೆಳಗೆ ಈಗ ಬೀದಿ ಹೆಸರಿನ ಬದಲು 'ಅಪ್ಪು ನೆನಪಿಗೆ' ಅಂತ ಇರುತ್ತದೆ. 2002ರ 'ಅಪ್ಪು' ಚಿತ್ರದ 'ಆ ದೇವರ ಹಾಡಿದು' ಅಂತೂ ಹಿಂದೆ ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಪುನೀತ್ ನಾಯಕರಾದ ಮೊದಲ ಸಿನಿಮಾ, ಹಾಡಿದ್ದು ಅಪ್ಪ ರಾಜ್‌ಕುಮಾರ್. 2006ರ ಏಪ್ರಿಲ್‌ನಲ್ಲಿ ಅಣ್ಣಾವ್ರು ಹೋದರು, ಈಗ ಮಗನೂ ಇಲ್ಲ. ಗುಬ್ಬಿ ಹತ್ತಿರ ಒಂದು ಊರಲ್ಲಿ ಈ ಹಾಡು ಶುರು ಮಾಡಿದಾಗ ಹಿಂದಿನ ಸಾಲಿನಲ್ಲಿದ್ದ ಹೆಂಗಸರು ಎದ್ದು ನಿಂತರು. ಯಾರೂ ಹೇಳಿರಲಿಲ್ಲ, ಸುಮ್ನೆ ಎದ್ದು ನಿಂತರು. ನೋಡ್ತಾ ನೋಡ್ತಾ ಇಡೀ ಮೈದಾನ ನಿಂತಿತು. ನಿಮ್ಮ ಓಟು 2010ರಲ್ಲಿ ನಡೆದಿದ್ದರೆ ಈ ಹಾಡಿಗೆ ಎಷ್ಟು ಬರುತ್ತಿತ್ತು, ಈಗ ಎಷ್ಟು ಬಂದಿದೆ, ಯೋಚಿಸಿ. ಇದನ್ನು 'ಸೆಂಟಿಮೆಂಟ್ ಓಟು' ಅಂತ ತಳ್ಳಿಹಾಕೋರನ್ನು ನಾನು ಒಪ್ಪೋದಿಲ್ಲ. ಹಾಡಿನ ಜೊತೆ ಜನರ ಬದುಕು ಸೇರಿಕೊಂಡ ಮೇಲೆ ಆ ಹಾಡು ಮೊದಲಿಗಿಂತ ದೊಡ್ಡದಾಗಿರುತ್ತದೆ. ಆದರೆ ಅದು ಈಗಿನ ಓಟು, 2002ರದ್ದಲ್ಲ, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಹಾಗಾದರೆ 'ಅನಿಸುತಿದೆ' ಮೊದಲು ಬಂದಿದ್ದು ಬರೀ ಕಾಲದ ಮಹಿಮೆಯಾ ಅಂತ ಕೇಳಬಹುದು. ಅಲ್ಲ. ಮನೋಮೂರ್ತಿ ಅವರ ರಾಗ ಎಷ್ಟು ಹಗುರ ಅಂದರೆ ಹಾಡೋಕೆ ಬಾರದವರೂ ಗುನುಗಬಹುದು. ಜಯಂತ್ ಕಾಯ್ಕಿಣಿ ಅವರು ನಾವು ಮಾತಾಡೋ ಮಾತನ್ನೇ ಇಟ್ಟುಕೊಂಡು ಬರೆದರು, ಸಿನಿಮಾ ಹಾಡಿನ ಮಾಮೂಲಿ ಉಪಮೆಗಳ ಗೋಜಿಗೆ ಹೋಗಲಿಲ್ಲ. ಆ ಹಾಡು ಬಂದ ಮೇಲೆ ಮಿಕ್ಕವರು ಬರೆಯೋ ರೀತಿಯೂ ಬದಲಾಯ್ತು. ಅಷ್ಟಲ್ಲದೆ, ಸ್ಟೇಜ್ ಮೇಲೆ ನಾನು ಕಂಡ ಹಾಗೆ, ಮೊದಲ ಸಾಲು ಶುರುವಾದ ಕೂಡಲೇ ಎಂಟು ವರ್ಷದ ಮಗುವೂ ಅರವತ್ತರ ಅಜ್ಜಿಯೂ ಒಟ್ಟಿಗೆ ಬಾಯಿ ಸೇರಿಸೋ ಹಾಡು ಆ ದಶಕದಲ್ಲಿ ಇನ್ನೊಂದಿಲ್ಲ.

ನಿಮ್ಮ ಪಟ್ಟಿಯ ನಿಜವಾದ ತೊಂದರೆ ಇರೋದು 'ಒಬ್ಬರಿಗೆ ಒಂದೇ ಓಟು' ಅನ್ನೋ ನಿಯಮದಲ್ಲಿ. ಸಂಗೀತ ನಿರ್ದೇಶಕ ಗುರುಕಿರಣ್ ಅವರನ್ನೇ ತಗೊಳ್ಳಿ. 'ಚಿತ್ರ', 'ಅಪ್ಪು', 'ಅಭಿ', 'ಆಪ್ತಮಿತ್ರ', 'ಜೋಗಿ', ಇಷ್ಟೂ ಅದೇ ದಶಕದಲ್ಲಿ. 100 ಜನ ಓಟುದಾರರಲ್ಲಿ 60 ಜನ ಅವರ ಅಭಿಮಾನಿಗಳು ಅಂತಿಟ್ಟುಕೊಳ್ಳಿ. ಆ ಓಟು ಆರು ಹಾಡಿಗೆ ಹಂಚಿಹೋದರೆ ತಲಾ 10. ಉಳಿದ 40 ಜನ ಎರಡೇ ಹಾಡಿಗೆ ಹಾಕಿದರೆ ತಲಾ 20. ಜಾಸ್ತಿ ಜನ ಮೆಚ್ಚಿದ ಸಂಗೀತ ನಿರ್ದೇಶಕ ಕೆಳಗೆ, ಕಡಿಮೆ ಜನ ಮೆಚ್ಚಿದವರು ಮೇಲೆ. ಚೆನ್ನಾಗಿರೋ ಹಾಡು ಜಾಸ್ತಿ ಕೊಟ್ಟಿದ್ದಕ್ಕೇ ಅವರಿಗೆ ಪೆಟ್ಟು! ಆಸ್ಟ್ರೇಲಿಯಾದವರು ಒಬ್ಬೊಬ್ಬರಿಗೆ 10 ಹಾಡು ಆರಿಸೋಕೆ ಬಿಡುತ್ತಾರೆ, ಅದೇ ಸರಿ. ಹತ್ತು ಓಟು ಕೈಲಿದ್ದರೆ ಜನ ಮೊದಲ ಮೂರು ಮೆಲೋಡಿಗೆ ಕೊಟ್ಟು, ಆಮೇಲೆ ಮನಸ್ಸು ಬಿಚ್ಚಿ ಕುಣಿದ ಹಾಡಿಗೂ ಕೊಡುತ್ತಾರೆ.

ಸಿನಿಮಾ ಹಾಡು ಮಾತ್ರವಾ ಅನ್ನೋದನ್ನೂ ಮೊದಲೇ ಹೇಳಿಬಿಡಿ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಸೇರಿದ ಜನಸಾಗರ ನೋಡಿದವರು ಭಾವಗೀತೆ ಬಿಟ್ಟು ಆ ದಶಕದ ಪಟ್ಟಿ ಮಾಡೋಕೆ ಒಪ್ಪೋದಿಲ್ಲ. ಇನ್ನು ಹಳೇ ಹಾಡುಗಳ ಕಥೆ. ಮಧುಗಿರಿ ಕಡೆ ಹೋದರೆ ನಮಗೆ ಇವತ್ತಿಗೂ 'ತೇರಾ ಏರಿ ಅಂಬರದಾಗೆ' ಚೀಟಿ ಬರುತ್ತದೆ. 1978ರ 'ಪರಸಂಗದ ಗೆಂಡೆತಿಮ್ಮ' ಚಿತ್ರದ್ದು, ಬರೆದವರು ಅದೇ ತಾಲ್ಲೂಕಿನ ದೊಡ್ಡರಂಗೇಗೌಡರು. ಪಾವಗಡದಲ್ಲಿ ಅರ್ಧ ಚೀಟಿ ತೆಲುಗು ಹಾಡಿಗೆ, ಸುತ್ತ ಆಂಧ್ರ ಇದ್ದ ಮೇಲೆ ಅದು ಸಹಜ. ಅವರೆಲ್ಲ ಆ ಹತ್ತು ವರ್ಷ ಕೇಳಿದ್ದು ಇದನ್ನೇ, ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಗಡಿ ವರ್ಷದ್ದೂ ಅಷ್ಟೇ. 'ಚಂದ್ರಮುಖಿ ಪ್ರಾಣಸಖಿ' 1999ರದ್ದು, ಹಾಗಾಗಿ 'ಮನಸೇ ಓ ಮನಸೇ' ಹೊರಗೆ. ಗಡಿ ಅಂದಮೇಲೆ ಯಾರೋ ಒಬ್ಬರು ಹೊರಗೆ ಉಳೀತಾರೆ, ಅದಕ್ಕೆ ಜಗಳ ಬೇಡ.

ನನ್ನ ಸಲಹೆ ಇಷ್ಟೇ. ಇನ್ನೊಂದು ಸಲ ಓಟು ಹಾಕಿಸಿ. ಒಬ್ಬರಿಗೆ 10 ಹಾಡು, ಅದರಲ್ಲಿ ಕನಿಷ್ಠ 3 ಹಾಡು 2000ದಿಂದ 2004ರ ಒಳಗಿನವು ಇರಲೇಬೇಕು ಅಂತ ನಿಯಮ ಮಾಡಿ. ಓಟು ಹಾಕೋಕೆ ಮುಂಚೆ ವರ್ಷವಾರು ಸಿನಿಮಾಗಳ ಹೆಸರು ಎಲ್ಲರಿಗೂ ಕಳಿಸಿ, ಮರೆತಿರೋದು ನೆನಪಾಗಲಿ. ಫೋನ್ ಬಳಸದ ಹಿರಿಯರ ಹತ್ತಿರ ಕಾಗದ ಹಿಡಿದು ಹೋಗಿ ಕೇಳಿ. ಆಟೋ ಸ್ಟ್ಯಾಂಡು, ಗಾರ್ಮೆಂಟ್ಸ್ ಬಸ್ಸು, ಗ್ಯಾರೇಜು, ಇಲ್ಲೂ ಕೇಳಿ. ದಿನವಿಡೀ ಹಾಡು ಹಾಕಿಕೊಂಡು ಕೆಲಸ ಮಾಡೋರು ಅವರೇ.

ನನ್ನ ಹತ್ತು ಓಟು ಈಗಲೇ ಬರೆದುಕೊಳ್ಳಿ: 'ಅನಿಸುತಿದೆ', 'ಉಸಿರೇ ಉಸಿರೇ', 'ಹೊಡಿ ಮಗ', 'ಆ ದೇವರ ಹಾಡಿದು', 'ಮೈ ಆಟೋಗ್ರಾಫ್' ಚಿತ್ರಕ್ಕೆ ಚಿತ್ರಾ ಅವರು ಹಾಡಿದ 'ಅರಳುವ ಹೂವುಗಳೇ', 'ನಿನ್ನಿಂದಲೇ', 'ದುನಿಯಾ' ಚಿತ್ರದ 'ಕರಿಯಾ ಐ ಲವ್ ಯೂ', 'ಮಿಂಚಾಗಿ ನೀನು ಬರಲು', ರಘು ದೀಕ್ಷಿತ್ ಅವರ 'ನಿನ್ನ ಪೂಜೆಗೆ ಬಂದೆ ಮಹದೇಶ್ವರ', 'ಎಲ್ಲೋ ಮಳೆಯಾಗಿದೆ'. ನಿಮ್ಮ ನಿಯಮಕ್ಕೆ 2004ರ ಒಳಗಿನದು ಇನ್ನೊಂದು ಬೇಕಾದರೆ ಕೊನೆಯದನ್ನು ತೆಗೆದು 'ಚಿತ್ರ' ಸಿನಿಮಾದ ಯಾವುದಾದರೂ ಒಂದನ್ನು ಹಾಕಿ. 'ಹೊಡಿ ಮಗ' ಮಾತ್ರ ಮುಟ್ಟಬೇಡಿ.