ಮಿಲೆನಿಯಲ್ ಪೀಳಿಗೆಯ ಕಾದಂಬರಿಗಳಲ್ಲಿ ಏನೂ ನಡೆಯೋದೇ ಇಲ್ಲ ಅನ್ನಿಸೋದು ಯಾಕೆ?

ನಡೆಯುತ್ತದೆ, ಆದರೆ ಕಣ್ಣಿಗೆ ಬೀಳೋ ಹಾಗೆ ಅಲ್ಲ. 1981ರಿಂದ 1996ರೊಳಗೆ ಹುಟ್ಟಿದವರನ್ನು ಸಾಮಾನ್ಯವಾಗಿ ಮಿಲೆನಿಯಲ್ ಅನ್ನುತ್ತಾರೆ. ಓದಿದರೆ ನೌಕರಿ, ನೌಕರಿ ಸಿಕ್ಕರೆ ಮನೆ, ಮನೆ ಆದರೆ ಮದುವೆ ಅಂತ ಕೇಳಿಕೊಂಡು ಬೆಳೆದ ಇವರಲ್ಲಿ ಎಷ್ಟೋ ಜನ ದುಡಿಯೋಕೆ ಹೊರಡುವ ಹೊತ್ತಿಗೆ 2008ರ ಆರ್ಥಿಕ ಕುಸಿತ ಬಂತು. ಹಾಗಾಗಿ ಈ ಕಥೆಗಳಲ್ಲಿ ವಿಲನ್ ಇರಲ್ಲ, ಬಾಡಿಗೆ ಇರುತ್ತದೆ.

ಐರಿಶ್ ಲೇಖಕಿ ಸ್ಯಾಲಿ ರೂನಿಯ ಕಾದಂಬರಿ ‘ನಾರ್ಮಲ್ ಪೀಪಲ್’ (2018) ನೋಡಿ. ಐರ್ಲೆಂಡಿನ ಸಣ್ಣ ಊರು. ಹುಡುಗನ ತಾಯಿ ಹುಡುಗಿಯ ಮನೆಯಲ್ಲಿ ಕಸಗುಡಿಸುವ ಕೆಲಸ ಮಾಡುತ್ತಾಳೆ. ಮುಂದೆ ಇಬ್ಬರೂ ಡಬ್ಲಿನ್‌ನಲ್ಲಿ ಓದುತ್ತಿರುವಾಗ ಒಂದು ಬೇಸಿಗೆಯಲ್ಲಿ ಅವನ ಹತ್ತಿರ ಬಾಡಿಗೆಗೆ ದುಡ್ಡಿಲ್ಲ, ನಿನ್ನ ಮನೆಯಲ್ಲೇ ಇರಲಾ ಅಂತ ಕೇಳೋಕೆ ಬಾಯಿ ಬರಲ್ಲ, ಅಷ್ಟಕ್ಕೇ ಇಬ್ಬರೂ ದೂರ ಆಗುತ್ತಾರೆ. ಪ್ರೀತಿ ಕಮ್ಮಿಯಾಗಿ ಅಲ್ಲ, ನಾಚಿಕೆ ಜಾಸ್ತಿಯಾಗಿ! ಇದು ಘಟನೆ ಅಲ್ವಾ?

ನಾನು ಬಾಗಲಕೋಟೆಯವನು. ಆಲಮಟ್ಟಿ ಹಿನ್ನೀರಲ್ಲಿ ಹಳೆ ಊರಿನ ಮನೆ ಮುಳುಗಿ, ನವನಗರದ ಸೆಕ್ಟರಿಗೆ ಬಂದ ಮನೆಯ ಹುಡುಗ. ಪರಿಹಾರದ ದುಡ್ಡಲ್ಲಿ ಮಗನನ್ನು ಇಂಜಿನಿಯರಿಂಗ್ ಓದಿಸಿದ ಅಪ್ಪ, ಬೆಂಗಳೂರಿನ ಪಿಜಿ ಕೋಣೆ, ಹಬ್ಬಕ್ಕೆ ಹೋದಾಗಲೆಲ್ಲ ‘ಕನ್ಯಾ ನೋಡೂಣೇನೋ ತಮ್ಮಾ’ ಅನ್ನೋ ಅವ್ವ, ಇದೂ ಅಂಥದ್ದೇ ಕಾದಂಬರಿ ಅನ್ನಿಸುತ್ತೆ ನನಗೆ.

ಒಂದು ತಕರಾರು ನನ್ನದೂ ಇದೆ. ಇಂಥ ಪುಸ್ತಕಗಳಲ್ಲಿ ಅರ್ಧ ಜನ ಬರಹಗಾರರೇ ಆಗಿರುತ್ತಾರೆ, ತಿಂಗಳ ಕಂತು ಕಟ್ಟುವ ಬ್ಯಾಂಕ್ ಗುಮಾಸ್ತ ಒಬ್ಬನೂ ಸಿಗಲ್ಲ.