ಎದುರಾಳಿಯ ಲೈವ್‌ಸ್ಟ್ರೀಮ್ ನೋಡಿಕೊಂಡು ಆಡುವವರಿಗೆ ಶಿಕ್ಷೆ ಕೊಡಬೇಕಾ?

ಖಂಡಿತ ಕೊಡಬೇಕು. ಆದರೆ ಸಾಕ್ಷಿ ಇದ್ದಾಗ ಮಾತ್ರ.

ಹೀಗೆ ನೋಡಿಕೊಂಡು ಆಡುವುದನ್ನು ಸ್ಟ್ರೀಮ್ ಸ್ನೈಪಿಂಗ್ ಅಂತಾರೆ. ಪಬ್‌ಜಿಯಂಥ ಆಟದಲ್ಲಿ ಎದುರಾಳಿ ಎಲ್ಲಿ ಅಡಗಿದ್ದಾನೆ ಅಂತ ಗೊತ್ತಿಲ್ಲದಿರುವುದೇ ಆಟದ ಜೀವ. ಸ್ಟ್ರೀಮ್ ನೋಡುವುದು ಇಸ್ಪೀಟಿನಲ್ಲಿ ಪಕ್ಕದವರ ಎಲೆ ಇಣುಕಿದ ಹಾಗೆ. ‘ಅವರೇ ಎಲ್ಲರಿಗೂ ತೋರಿಸ್ತಿದ್ದಾರಲ್ವಾ?’ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಅವರು ತೋರಿಸುವುದು ನೋಡುಗರಿಗೆ, ಅದೇ ಪಂದ್ಯ ಆಡುತ್ತಿರುವವರಿಗಲ್ಲ.

ಲೀಗ್ ಆಫ್ ಲೆಜೆಂಡ್ಸ್ ಎಂಬ ಕಂಪ್ಯೂಟರ್ ಆಟದ 2012ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಜುಬು ಫ್ರಾಸ್ಟ್ ತಂಡದ ಆಟಗಾರನೊಬ್ಬ ಪಂದ್ಯದ ಮಧ್ಯೆ ಪ್ರೇಕ್ಷಕರಿಗಾಗಿ ಹಾಕಿದ್ದ ದೊಡ್ಡ ಪರದೆಯ ಕಡೆ ತಿರುಗಿ ನೋಡಿದ. ತಂಡಕ್ಕೆ 30,000 ಡಾಲರ್ ದಂಡ ಬಿತ್ತು. ಅಲ್ಲಿ ತಪ್ಪು ಎಲ್ಲರ ಕಣ್ಣೆದುರೇ ನಡೆದಿತ್ತು.

ಮನೆಯಲ್ಲಿ ಕೂತು ಆಡುವಾಗ ಹಾಗಲ್ಲ. ಪಕ್ಕದ ಫೋನಿನಲ್ಲಿ ಏನು ಓಡುತ್ತಿದೆ ಅಂತ ಆಟದ ಸರ್ವರ್‌ಗೆ ಕಾಣುವುದಿಲ್ಲ. ಸೋತ ಸಿಟ್ಟಿನಲ್ಲಿ ಸ್ಟ್ರೀಮರ್ ಸುಮ್ನೆ ದೂರು ಕೊಡಬಹುದು. ಹಾಗಾಗಿ ಒಂದು ಪಂದ್ಯ ನೋಡಿ ಬ್ಯಾನ್ ಮಾಡುವುದು ಅನ್ಯಾಯ. ಒಬ್ಬನೇ ವ್ಯಕ್ತಿ ಮತ್ತೆ ಮತ್ತೆ ಅದೇ ಸ್ಟ್ರೀಮರ್‌ನ ಪಂದ್ಯಕ್ಕೆ ಬಂದು, ಪ್ರತಿಸಲ ನೇರವಾಗಿ ಅಡಗಿದ ಜಾಗಕ್ಕೇ ಹೋಗುತ್ತಿದ್ದರೆ ಅದು ಬಲವಾದ ಸುಳಿವು. ಮೊದಲು ಎಚ್ಚರಿಕೆ, ಆಮೇಲೆ ಕೆಲವು ದಿನಗಳ ಬ್ಯಾನ್ ಸಾಕು. ಬಹುಮಾನದ ಪಂದ್ಯವಾದರೆ ಅನರ್ಹಗೊಳಿಸಲೇಬೇಕು. ಅಂಥ ಕಡೆ ಪ್ರಸಾರವನ್ನು ಕೆಲವು ನಿಮಿಷ ತಡಮಾಡುವುದು ಆಯೋಜಕರ ಜವಾಬ್ದಾರಿ.