ರಿಡಿಪ್ಲಾಯ್ ಆದ್ಮೇಲೆ ಎನ್‌ಕ್ರಿಪ್ಷನ್ ಎರರ್

ಪ್ರಶ್ನೆ: ಸರ್, ಟಾಮ್‌ಕ್ಯಾಟ್‌ನಲ್ಲಿ (ಜಾವಾ ವೆಬ್ ಸರ್ವರ್) ಬೌನ್ಸಿ ಕ್ಯಾಸಲ್ ಅನ್ನೋ ಎನ್‌ಕ್ರಿಪ್ಷನ್ ಲೈಬ್ರರಿಯ ಜಾರ್ ಫೈಲನ್ನ ನನ್ನ ಆಪ್‌ನ ಪ್ಯಾಕೇಜ್ ಆದ ವಾರ್ ಫೈಲ್ ಒಳಗೇ ಇಟ್ಟಿದೀನಿ, ಆಪ್ ಶುರುವಾಗುವಾಗ ಕೋಡ್‌ನಲ್ಲೇ ಅದನ್ನ ಪ್ರೊವೈಡರ್ (ಜಾವಾಗೆ ಎನ್‌ಕ್ರಿಪ್ಷನ್ ಒದಗಿಸೋ ಭಾಗ) ಆಗಿ ಆಡ್ ಮಾಡ್ತೀನಿ. ಮೊದಲ ಸಲ ಚೆನ್ನಾಗಿರತ್ತೆ, ರಿಡಿಪ್ಲಾಯ್ ಮಾಡಿದ್ರೆ (ಸರ್ವರ್ ನಿಲ್ಲಿಸದೆ ಆಪ್ ಮತ್ತೆ ಹಾಕಿದ್ರೆ) ಎರರ್. ಯಾಕೆ?

ಉತ್ತರ: ಪ್ರೊವೈಡರ್ ಲಿಸ್ಟ್ ನಿಮ್ಮ ಆಪ್‌ಗೆ ಸೇರಿದ್ದಲ್ಲ, ಇಡೀ ಜೆವಿಎಂಗೆ (ಸರ್ವರ್ ಮತ್ತು ಅದರ ಆಪ್‌ಗಳನ್ನೆಲ್ಲ ಓಡಿಸೋ ಜಾವಾ ಎಂಜಿನ್) ಒಂದೇ. ಆಪ್ ನಿಲ್ಲಿಸಿದ್ರೂ ಹಳೇ ಪ್ರೊವೈಡರ್ ಅಲ್ಲೇ ಕೂತಿರತ್ತೆ, ಅದೇ ಹೆಸರಲ್ಲಿ ಹೊಸದನ್ನ ಸೇರಿಸೋಕೆ ಹೋದ್ರೆ ಜಾವಾ ಸುಮ್ಮನೆ -1 (ಅಂದ್ರೆ ಸೇರಿಸಲಿಲ್ಲ) ಕೊಟ್ಟು ಬಿಟ್ಟುಬಿಡತ್ತೆ, ಆಮೇಲೆ ಹೊಸ ಕೋಡು ಹಳೇ ಕ್ಲಾಸುಗಳ ಜೊತೆ ಜಗಳ ಆಡತ್ತೆ. ಜಾರ್ ಫೈಲನ್ನ ವಾರ್‌ನಿಂದ ತೆಗೆದು ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರ್‌ಗೆ ಹಾಕಿ, ಸರ್ವರ್ ರೀಸ್ಟಾರ್ಟ್ ಮಾಡಿ, ಸಾಕು.

ಕೋಡ್ ಬೇಡ, ಪ್ರೊವೈಡರ್ ಹೆಸರನ್ನ ಜಾವಾದ ಸೆಕ್ಯುರಿಟಿ ಸೆಟ್ಟಿಂಗ್ ಫೈಲ್‌ನಲ್ಲೇ (java.security) ಬರೀತೀನಿ ಅಂದ್ರೆ ಲಿಬ್ ಫೋಲ್ಡರ್ ಸಾಲಲ್ಲ, ಸಿಸ್ಟಮ್ ಕ್ಲಾಸ್‌ಪಾತ್‌ನಲ್ಲೇ (ಜೆವಿಎಂ ತಾನೇ ಕ್ಲಾಸುಗಳನ್ನ ಹುಡುಕೋ ಜಾಗ) ಜಾರ್ ಇರಬೇಕು. ಜಾವಾ 9ರಿಂದ ಹಳೇ ಎಕ್ಸ್‌ಟೆನ್ಷನ್ ಫೋಲ್ಡರ್ ದಾರಿ ಇಲ್ಲ. ದಯವಿಟ್ಟು ಪ್ರೊವೈಡರ್ ಲಿಸ್ಟ್‌ನಲ್ಲಿ ಅದನ್ನ 1ನೇ ನಂಬರ್‌ಗೆ ಹಾಕ್ಬೇಡಿ, ಬೇರೆ ಆಪ್‌ಗಳೂ ಮೊದಲು ಅದನ್ನೇ ಹಿಡಿಯತ್ವೆ. ಕೊನೇಲಿಟ್ಟು ಕೋಡ್‌ನಲ್ಲಿ ಪ್ರೊವೈಡರ್ ಹೆಸರು ಹೇಳಿ ಕೇಳಿ.